ಬೆಚ್ಚನೆಯ ಬಣ್ಣ ಬೇಕೆ? ಮೊದಲು ಕಿಟಕಿ ನೋಡಿ

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಪೇಂಟ್ ಅಂಗಡಿಗಳಲ್ಲಿ ಜನ ಸೇರುತ್ತಾರೆ. ಗಂಡ ಹೆಂಡತಿ ಶೇಡ್ ಕಾರ್ಡ್ ಬಿಡಿಸಿಕೊಂಡು, ಅಂಚೆಚೀಟಿಯಷ್ಟು ಅಗಲದ ಒಂದು ಚೌಕದ ಮೇಲೆ ಬೆರಳಿಟ್ಟು, ‘ಇದೇ ಇರಲಿ’ ಎನ್ನುತ್ತಾರೆ. ಕಾರ್ಡಿನಲ್ಲಿ ಮಾವಿನಹಣ್ಣಿನ ಸೀಕರಣೆಯಂತೆ ಕಂಡ ಬಣ್ಣ ನಾಲ್ಕು ಗೋಡೆಗೂ ಹರಡಿದ ಮೇಲೆ ಕಣ್ಣಿಗೆ ರಾಚತೊಡಗುತ್ತದೆ. ಬೈಗುಳ ಪೇಂಟರನ ಪಾಲಿಗೆ. ಪಾಪ, ಅವನದೇನೂ ತಪ್ಪಿಲ್ಲ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಯ ಮೇಲೆ ಬಿದ್ದು, ಅದು ಮತ್ತೆ ಇತ್ತ ಮರಳಿ, ಇಡೀ ಕೋಣೆಯಲ್ಲಿ ಗಾಢವಾಗುತ್ತದೆ. ಆದ್ದರಿಂದಲೇ ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ಲೇಸು.

ಹಳದಿ, ಕೇಸರಿ, ಕೆಂಪು, ಇವುಗಳಿಗೆ ಹಾಲು ಬೆರೆಸಿದಂತಿರುವ ಕೆನೆ, ಗೋಧಿ, ಜೇನಿನ ಛಾಯೆಗಳು, ಸುಟ್ಟ ಇಟ್ಟಿಗೆಯ ಬಣ್ಣ – ಬೆಚ್ಚನೆಯ ಬಣ್ಣಗಳೆಂದರೆ ಇವೇ. ನಮ್ಮ ಮನೆಗಳಿಗೆ ಇವು ಹೊಸತಲ್ಲ. ಹೊಸಿಲಿಗೆ ಹಳದಿ, ನೆಲಕ್ಕೆ ರೆಡ್ ಆಕ್ಸೈಡ್ ಇದ್ದೇ ಇತ್ತು. ಸಾಗರ, ಸೊರಬದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅಷ್ಟು ಗಾಢವಾದ ಕೆಂಪು ಅಲ್ಲಿ ಭಾರವೆನಿಸುವುದಿಲ್ಲ, ಏಕೆಂದರೆ ಬಿಳಿ ಗೆರೆಗಳು ಅದಕ್ಕೆ ಉಸಿರಾಡಲು ಜಾಗ ಕೊಟ್ಟಿರುತ್ತವೆ. ಇಟ್ಟಿಗೆ ಬಣ್ಣದ ಆಸೆಯಿದ್ದವರು ಒಂದೇ ಗೋಡೆಗೆ ಅದನ್ನು ಬಳಿಸಿ, ಉಳಿದ ಮೂರನ್ನೂ ಸೂರನ್ನೂ ತಿಳಿಯಾಗಿ ಬಿಟ್ಟರೆ ಅದೇ ಸೊಗಸು ಪೇಟೆಯ ಮನೆಗೂ ಬರುತ್ತದೆ.

ಆದರೆ ಬಣ್ಣವನ್ನು ನಿರ್ಧರಿಸುವುದು ಕಾರ್ಡಲ್ಲ, ಕಿಟಕಿ. ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಗೆ ಮಧ್ಯಾಹ್ನದ ಮೇಲೆ ಬಿಸಿಲು ಹೊಡೆಯುತ್ತದೆ. ಸಂಜೆಯ ಬಿಸಿಲೇ ಕೆಂಪು, ಅದಕ್ಕೆ ಕೇಸರಿ ಗೋಡೆ ಸೇರಿದರೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಒಲೆಯ ಮುಂದೆ ಕುಳಿತಂತೆ! ಅಲ್ಲಿಗೆ ಬಿಳಿ ಅಥವಾ ತಿಳಿ ಕೆನೆ ಸಾಕು. ಬೆಚ್ಚನೆಯ ಬಣ್ಣ ನಿಜವಾಗಿ ಬೇಕಾಗುವುದು ವರ್ಷದ ಬಹುಪಾಲು ನೇರ ಬಿಸಿಲು ಕಾಣದ ಉತ್ತರದ ಕೋಣೆಗೆ. ಮಡಿಕೇರಿಯಂಥ ಊರಿನಲ್ಲಿ, ತಿಂಗಳುಗಟ್ಟಲೆ ಮಳೆ ಮೋಡದ ಮಸುಕಿನಲ್ಲಿ, ಜೇನು ಬಣ್ಣದ ಗೋಡೆ ಮನಸ್ಸಿಗೆ ದೊಡ್ಡ ಸಮಾಧಾನ.

ಬೆಂಗಳೂರಿನ ಒತ್ತೊತ್ತಾದ ಮನೆಗಳ ಕಥೆ ಬೇರೆ. ಕಿಟಕಿ ತೆರೆದರೆ ಮೂರಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಅದು ಹಸಿರಾಗಿದ್ದರೆ ಒಳಗೆ ಬರುವ ಬೆಳಕೂ ಹಸಿರು. ಕತ್ತಲೆ ಕೋಣೆಗೆ ಹಳದಿ ಬಳಿದರೆ ಬೆಳಗೀತು ಎಂದುಕೊಳ್ಳುವವರು ಬಹಳ. ಗೋಡೆಗೆ ತನ್ನದೇ ಬೆಳಕಿಲ್ಲ. ಬಿದ್ದದ್ದನ್ನಷ್ಟೇ ಅದು ಮರಳಿಸುತ್ತದೆ. ಬೆಳಕೇ ಇಲ್ಲದಲ್ಲಿ ಹಳದಿ ಹಳಸಿದಂತೆ ಮಂಕಾಗಿ ಕಾಣುತ್ತದೆ. ಅಂಥ ಕೋಣೆಗೆ ತಿಳಿ ಕೆನೆ ಬಣ್ಣದ ಜೊತೆಗೆ ಒಳ್ಳೆಯ ದೀಪ ಬೇಕು. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಒಂದು ಅಂಕಿ, ಮುಂದೆ ‘ಕೆ’ ಎಂದು ಇರುತ್ತದೆ. 2700ರಿಂದ 3000 ಇದ್ದರೆ ಹಳೆಯ ಬುರುಡೆ ದೀಪದಂಥ ಹೊಂಬೆಳಕು, 6500 ಇದ್ದರೆ ನೀಲಿ ಬೆರೆತ ಬಿಳಿ. ಸಾವಿರಾರು ರೂಪಾಯಿ ಸುರಿದು ಜೇನಿನ ಬಣ್ಣ ಬಳಿಸಿ, ಮೇಲೆ 6500ರ ದೀಪ ಹಾಕುವುದೆಂದರೆ ಪಾಯಸಕ್ಕೆ ಉಪ್ಪು ಹಾಕಿದಂತೆ.

ಪರೀಕ್ಷಿಸುವ ಉಪಾಯ ಸುಲಭ. ಅತಿ ಚಿಕ್ಕ ಡಬ್ಬಿ ಬಣ್ಣ ತಂದು ಎರಡಡಿ ಅಗಲದ ರಟ್ಟಿಗೆ ಎರಡು ಕೋಟ್ ಬಳಿಯಿರಿ. ಒಣಗಿದ ಮೇಲೆ ಅದನ್ನು ಬೆಳಿಗ್ಗೆ ಒಂದು ಗೋಡೆಗೆ, ಮಧ್ಯಾಹ್ನ ಇನ್ನೊಂದಕ್ಕೆ ಒರಗಿಸಿಡಿ. ರಾತ್ರಿ ದೀಪ ಹಾಕಿಯೂ ನೋಡಿ. ನೆಲವನ್ನೂ ಮರೆಯಬೇಡಿ. ರೆಡ್ ಆಕ್ಸೈಡ್ ನೆಲ ತನ್ನ ಕೆಂಪನ್ನು ಗೋಡೆಯ ಬುಡಕ್ಕೆ ತಾನೇ ಬಳಿಯುತ್ತದೆ. ಅಲ್ಲಿ ಕೆನೆ ಬಣ್ಣವೂ ಬೆಚ್ಚಗೆ ಕಾಣುತ್ತದೆ.

ಅಂದಚೆಂದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳೆಯ ಆಯಿಲ್ ಪೇಂಟುಗಳಲ್ಲಿ ಹೊಳೆಯುವ ಹಳದಿ, ಕೇಸರಿ, ಕೆಂಪುಗಳಿಗೆ ಸೀಸದ ಕ್ರೋಮೇಟ್ ಬೆರೆಸುತ್ತಿದ್ದುದುಂಟು. ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ಕೇಂದ್ರದ ನಿಯಮ 2016ರಲ್ಲಿ ಬಂತು. ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಕಿ, ಸರಳುಗಳನ್ನು ಒಣದಾಗಿ ಉಜ್ಜಿದರೆ ಏಳುವ ದೂಳಿನಲ್ಲಿ ಸೀಸವಿರಬಹುದು. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದ್ದರಿಂದ ನೀರು ಹಾಕಿಯೇ ವಾಟರ್ ಪೇಪರ್‌ನಿಂದ ಉಜ್ಜಿಸಬೇಕು. ಕೆಲಸ ಮುಗಿದು ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ತನಕ ಮಕ್ಕಳೂ ಬಸುರಿಯರೂ ಆ ಮನೆಯಲ್ಲಿ ಇರಬಾರದು. ಒಣ ಪೊರಕೆ ಬೇಡ. ಹೊಸ ಡಬ್ಬಿ ಕೊಳ್ಳುವಾಗಲೂ ಮೇಲಿನ ಸೀಸದ ವಿವರ ಓದಿ.

ಇನ್ನು ಬಾಡಿಗೆ ಮನೆಯವರು. ಮೊಳೆ ಹೊಡೆಯಲೂ ಬಿಡದ ಮಾಲೀಕರು ಬಣ್ಣ ಬದಲಿಸಲು ಬಿಟ್ಟಾರೆಯೇ? ಅಂಥವರು ಬಿಳಿ ಗೋಡೆಯನ್ನು ಹಾಗೆಯೇ ಬಿಟ್ಟು, ದೀಪ ಬದಲಿಸಿ, ದಿವಾನದ ಮೇಲೆ ಅಜ್ಜಿ ಹೊಲಿದ ಕೌದಿ ಹಾಸಬಹುದು. ಉಟ್ಟು ಹಳೆಯದಾದ ಇಳಕಲ್ ಸೀರೆಯನ್ನು ಕಿಟಕಿಗೆ ಪರದೆಯಾಗಿಸಿದರೆ, ಬಿಸಿಲು ಬಿದ್ದಾಗ ಅದರ ಸೆರಗಿನ ಕೆಂಪು ಬಿಳಿ ಗೋಡೆಯ ಮೇಲೆ ಇಳಿಯುತ್ತದೆ. ಮನೆ ಬಿಡುವಾಗ ಮಡಿಚಿ ಪೆಟ್ಟಿಗೆಗೆ ಹಾಕಿಕೊಂಡರಾಯಿತು.