ಒಂದು ಶನಿವಾರ, ಹದಿನಾಲ್ಕು ರಾಕ್ಷಸರು

ದುಬಾರಿ ಬೋರ್ಡ್ ಗೇಮ್ ಮನೆಗೆ ಬಂದರೆ ಏನಾಗುತ್ತೆ ಹೇಳಿ? ಒಂದು ವಾರ ಊಟ-ತಿಂಡಿ ಮರೆತು ಆಟ, ಆಮೇಲೆ ಡಬ್ಬ ಅಟ್ಟಕ್ಕೆ. ನಮ್ಮ ಮನೆಯಲ್ಲಿ ಅಷ್ಟೂ ಆಗಲಿಲ್ಲ. ಚಿಕ್ಕಪ್ಪ ಅಮೆರಿಕದಿಂದ ತಂದುಕೊಟ್ಟ ‘ಹೀರೋಕ್ವೆಸ್ಟ್’ ಡಬ್ಬ ಬಿಚ್ಚಿದ ಮಗ, ಅದರೊಳಗಿನ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳನ್ನು ನೋಡಿ, “ಮೊದಲು ಇವಕ್ಕೆಲ್ಲ ಬಣ್ಣ ಹಚ್ತೀನಿ, ಆಮೇಲೇ ಆಡೋದು” ಅಂತ ಹಟ ಹಿಡಿದ. ನಾಲ್ಕು ವೀರರು, 31 ರಾಕ್ಷಸರು. ಒಟ್ಟು 35.

ಮೊದಲ ವೀರನಿಗೇ ನಾಲ್ಕು ದಿನ ಹಿಡಿಯಿತು. ಕೊನೆಯಲ್ಲಿ ಕಣ್ಣು ಬರೆಯಲು ಹೋಗಿ ಮೆಳ್ಳೆಗಣ್ಣಾಯಿತು. ಡಬ್ಬದ ಮೇಲಿನ ಚಿತ್ರದ ಪಕ್ಕ ಹಿಡಿದು ನೋಡಿದ. “ನಂಗೆ ಬರಲ್ಲ ಬಿಡಮ್ಮ” ಎಂದವನೇ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿದ. ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹರಿಯುವ ಹುಡುಗ ಅವನು. ನನಗೆ ಗೊಂಬೆಗಿಂತ ಆ ‘ಬರಲ್ಲ’ ಅನ್ನೋ ಮಾತೇ ಚಿಂತೆಯಾಯಿತು.

ಹಾಗಾಗಿ ನಾನೇ ಹುಡುಕಾಡಿ ಕಲಿತೆ. ಈ ಆಟ 1989ರದ್ದು. ಮಿಲ್ಟನ್ ಬ್ರಾಡ್ಲಿ ಕಂಪನಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಜೊತೆ ಸೇರಿ ಮಾಡಿದ್ದು. 2021ರಲ್ಲಿ ಮತ್ತೆ ಅಂಗಡಿಗೆ ಬಂತು. ಅಲ್ಲೆಲ್ಲ ಇಂಥ ಗೊಂಬೆಗೆ ಬಣ್ಣ ಹಚ್ಚುವುದೇ ದೊಡ್ಡ ಹವ್ಯಾಸ. ಒಂದೇ ಗೊಂಬೆಗೆ ವಾರಗಟ್ಟಲೆ ಕೂರುವವರಿದ್ದಾರೆ. ಆದರೆ ಬೇಗ ಮುಗಿಸಿ ಆಡೋಣ ಎನ್ನುವವರು ಕಂಡುಕೊಂಡ ಬೇರೆಯದೇ ದಾರಿ ಇದೆ. ಅದಕ್ಕೆ ‘ಸ್ಪೀಡ್ ಪೇಂಟಿಂಗ್’ ಅಂತಾರೆ.

ಮೊದಲು ಗೊಂಬೆಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಕೂರಲ್ಲ. ಬಾಟಲಿ ಮುಚ್ಚಳಕ್ಕೆ ಡಬಲ್ ಟೇಪ್ ಹಚ್ಚಿ ಗೊಂಬೆಯನ್ನು ಅದರ ಮೇಲೆ ನಿಲ್ಲಿಸಿದರೆ ಹಿಡಿಯಲು ಸುಲಭ.

ಆಮೇಲೆ ಕಪ್ಪು ಪ್ರೈಮರ್. ಇಲ್ಲಿ ನಾನು ಎಡವಿದೆ. ಜುಲೈ ತಿಂಗಳ ಜಿಟಿಜಿಟಿ ಮಳೆ ನಡುವೆ, ಸ್ವಲ್ಪ ಹೊಳವಾಯಿತು ಅಂತ ತಾರಸಿಗೆ ಹೋಗಿ ಸ್ಪ್ರೇ ಹೊಡೆದೆ. ತೇವದ ಗಾಳಿಗೆ ಬಣ್ಣ ಸರಿಯಾಗಿ ಕೂರದೆ ಎರಡು ಗೊಂಬೆಗಳ ಮೇಲೆ ಚಿರೋಟಿ ರವೆ ಉದುರಿಸಿದಂತಾಯಿತು. ಸ್ಪ್ರೇ ಮಾಡುವುದಾದರೆ ಒಣ ಹವೆ ಇರಲಿ, ಬಯಲಿನಲ್ಲಿ ಮಾಸ್ಕ್ ಹಾಕಿಕೊಂಡು ಸುಮಾರು ಒಂದಡಿ ದೂರದಿಂದ ತೆಳುವಾಗಿ ಹೊಡೆಯಿರಿ. ಇನ್ನೊಂದು ಮಾತು, ಹಾರ್ಡ್‌ವೇರ್ ಅಂಗಡಿಯ ಕೆಲವು ಸ್ಪ್ರೇಗಳು ಮೆತ್ತನೆ ಪ್ಲಾಸ್ಟಿಕ್ ಮೇಲೆ ಒಣಗದೆ ಅಂಟಂಟಾಗಿಯೇ ಉಳಿಯುತ್ತವೆ. ಒಂದು ಗೊಂಬೆಯ ತಳದಲ್ಲಿ ಹಚ್ಚಿ ನೋಡಿಯೇ ಮುಂದುವರಿಯಿರಿ. ಮಳೆಗಾಲದಲ್ಲಿ ಈ ಸಹವಾಸವೇ ಬೇಡ. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಗೆಸ್ಸೊ ಸಿಗುತ್ತೆ, ಅದಕ್ಕೆ ಕಪ್ಪು ಅಕ್ರಿಲಿಕ್ ಬೆರೆಸಿ ಬ್ರಶ್‌ನಲ್ಲೇ ಎರಡು ತೆಳು ಕೋಟ್ ಕೊಡಿ.

ಮುಂದಿನದು ನನಗೆ ಬಹಳ ಹಿಡಿಸಿದ ಭಾಗ, ಏಕೆಂದರೆ ಸಾಮಾನು ನನ್ನ ಮೇಕಪ್ ಡಬ್ಬದ್ದು! ಕೂದಲು ಸವೆದ ಬ್ಲಶ್ ಬ್ರಶ್ ಇದೆಯಾ? ಅದನ್ನು ಬೂದು ಬಣ್ಣದಲ್ಲಿ ಅದ್ದಿ, ಪೇಪರಿಗೆ ಒರೆಸಿ, ಬಹುತೇಕ ಒಣಗಿದಂತಾದ ಮೇಲೆ ಗೊಂಬೆಯ ಮೇಲೆ ಹಗುರಾಗಿ ಆಡಿಸಿ. ಉಬ್ಬಿದ ಕಡೆ ಮಾತ್ರ ಬಣ್ಣ ಹತ್ತುತ್ತೆ, ತಗ್ಗು ಕಪ್ಪಾಗೇ ಉಳಿಯುತ್ತೆ. ಆಮೇಲೆ ಬಿಳಿಯನ್ನು ಹೀಗೇ ತಲೆ, ಭುಜದ ಕಡೆಯಿಂದ ಇನ್ನೂ ಕಡಿಮೆ ಆಡಿಸಿ. ಅದುವರೆಗೆ ಕಾಣದ ಮೂಗು, ಹಲ್ಲು, ಬಟ್ಟೆಯ ನೆರಿಗೆ ಎಲ್ಲ ಎದ್ದು ಬರುತ್ತವೆ. ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದವನು ಎದ್ದು ಬಂದದ್ದು ಇದನ್ನು ನೋಡಿಯೇ.

ಇನ್ನು ಮೇಲೆ ಪಾರದರ್ಶಕ ಬಣ್ಣ. ತಗ್ಗಿನಲ್ಲಿ ಗಾಢವಾಗಿ, ಉಬ್ಬಿನಲ್ಲಿ ತಿಳಿಯಾಗಿ ನಿಲ್ಲುವಂತೆ ತಯಾರಿಸಿದ ಬಣ್ಣಗಳಿವೆ. ಗೇಮ್ಸ್ ವರ್ಕ್‌ಶಾಪ್‌ನ ‘ಕಾಂಟ್ರಾಸ್ಟ್’ 2019ರಲ್ಲಿ, ಆರ್ಮಿ ಪೇಂಟರ್ ಕಂಪನಿಯ ‘ಸ್ಪೀಡ್‌ಪೇಂಟ್’ 2022ರಲ್ಲಿ ಬಂದವು. ಎರಡನೆಯದರ ಮೊದಲ ತಯಾರಿಕೆ, ಒಣಗಿದ ಮೇಲೂ ಒದ್ದೆ ಬಣ್ಣ ತಾಗಿದರೆ ಕರಗಿ ಬೆರೆಯುತ್ತಿತ್ತು, 2023ರಲ್ಲಿ ಸರಿಪಡಿಸಿದರು. ಬೆಲೆ ಕೇಳಿ ನಾನಂತೂ ಸುಮ್ಮನಾದೆ. ಮನೆಯಲ್ಲಿದ್ದ ಅಕ್ರಿಲಿಕ್ ಬಣ್ಣಕ್ಕೆ ಅಕ್ರಿಲಿಕ್ ಮೀಡಿಯಂ, ಒಂದೆರಡು ಹನಿ ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡೆವು. ಬರೀ ನೀರು ಹಾಕಿದರೆ ಹರಿದು ಕಲೆಕಲೆಯಾಗುತ್ತೆ, ಅನುಭವದ ಮಾತು.

ವೇಗದ ಗುಟ್ಟು ಇರುವುದು ಸಾಲಿನಲ್ಲಿ. ಚಪಾತಿ ಮಾಡುವಾಗ ಒಂದನ್ನು ಲಟ್ಟಿಸಿ, ಬೇಯಿಸಿ, ಆಮೇಲೆ ಇನ್ನೊಂದು ಉಂಡೆ ಕಟ್ತೀವಾ? ಹಾಗೇ ಇಲ್ಲೂ. ಎಂಟು ಆರ್ಕ್, ಆರು ಗಾಬ್ಲಿನ್ ಸಾಲಾಗಿ ನಿಲ್ಲಿಸಿದೆವು. ಹದಿನಾಲ್ಕಕ್ಕೂ ಹಸಿರು ಚರ್ಮ, ಆಮೇಲೆ ಎಲ್ಲಕ್ಕೂ ಕಂದು ತೊಗಲು, ಕೊನೆಗೆ ಕತ್ತಿಗೆ ಬೆಳ್ಳಿ ಬಣ್ಣ. ಕೊನೆಯದನ್ನು ಮುಟ್ಟುವಷ್ಟರಲ್ಲಿ ಮೊದಲನೆಯದು ಒಣಗಿರುತ್ತೆ. ಮೂರು ನಾಲ್ಕು ಬಣ್ಣ ಸಾಕು. ದಸರಾ ಗೊಂಬೆಯ ಹಾಗೆ ಇವಕ್ಕೆ ಕಣ್ಣು ಬರೆಯಲೇಬೇಕೆಂದಿಲ್ಲ, ಮೇಜಿನ ಆಚೆ ಕೂತವರಿಗೆ ಅದು ಕಾಣುವುದೂ ಇಲ್ಲ. ತಳದ ಅಂಚಿಗೆ ಮಾತ್ರ ನೀಟಾಗಿ ಕಪ್ಪು ಬಳಿಯಿರಿ, ಇಡೀ ಗೊಂಬೆ ಅಚ್ಚುಕಟ್ಟಾಗಿ ಕಾಣುತ್ತೆ. ಮಕ್ಕಳ ಕೈಯಲ್ಲಿ ಆಡುವ ವಸ್ತುವಾದ್ದರಿಂದ ಮ್ಯಾಟ್ ವಾರ್ನಿಶ್ ತಪ್ಪಿಸಬೇಡಿ. ಬ್ರಶ್ ತುದಿ ಚೂಪು ಮಾಡಲು ಬಾಯಿಗಿಡುವ ಚಾಳಿ ಇದ್ದರೆ ಗದರಿಸಿ ಬಿಡಿಸಿ.

ಶನಿವಾರ ಊಟ ಮುಗಿಸಿ ಕೂತವರು ದೀಪ ಹಚ್ಚುವ ಹೊತ್ತಿಗೆ ಹದಿನಾಲ್ಕನ್ನೂ ಮುಗಿಸಿದ್ದೆವು. ಆ ಮೆಳ್ಳೆಗಣ್ಣಿನ ವೀರನಿಗೂ ಹೊಸದಾಗಿ ಹಚ್ಚೋಣವೇನೋ ಅಂದೆ. “ಬೇಡ, ಅವನು ಹಾಗೇ ಇರ್ಲಿ” ಅಂದ. ಭಾನುವಾರ ಗೆಳೆಯರು ಬಂದರು. ಆಟದ ಮಧ್ಯೆ ಒಬ್ಬ ಗಾಬ್ಲಿನ್ ಎತ್ತಿ ಹಿಡಿದು, “ಏ, ಇವನ ಕೈಗೆ ಬಣ್ಣನೇ ಹಚ್ಚಿಲ್ಲ ಕಣೋ” ಎಂದ. ಅಡುಗೆಮನೆಯಲ್ಲಿದ್ದ ನನಗೆ ಎದೆ ಧಸಕ್ಕೆಂದಿತು.

“ಗ್ಲೌಸ್ ಹಾಕ್ಕೊಂಡಿದಾನೆ” ಎಂದ ನನ್ನ ಮಗ, ದಾಳ ಉರುಳಿಸಿದ.