ಒಂದೇ ಚಿತ್ರ, ಇಬ್ಬರ ಎಣಿಕೆ

ಕುರುಡುಮಲೆಯಂಥ ಊರಿನಿಂದ ಏದುಸಿರು ಬಿಡುತ್ತ ವೃದ್ಧನೊಬ್ಬ ಆಸ್ಪತ್ರೆಗೆ ಬಂದನೆಂದು ಭಾವಿಸಬಹುದು. ವೈದ್ಯರು ಹಾಸಿಗೆಯ ಬಳಿಯೇ ಅವನ ಎದೆಗೆ ಅಲ್ಟ್ರಾಸೌಂಡ್ ಉಪಕರಣವನ್ನು ಒತ್ತಿ ಹಿಡಿಯುತ್ತಾರೆ. ಗಾಳಿ ತುಂಬಿದ ಶ್ವಾಸಕೋಶದೊಳಕ್ಕೆ ಅದರ ಶ್ರವಣಾತೀತ ಧ್ವನಿಯು ಸಾಗದು. ಹೊರಪೊರೆಯಲ್ಲಿಯೇ ಪ್ರತಿಫಲಿಸಿ ಪರದೆಯ ಮೇಲೆ ಅಡ್ಡಗೆರೆಗಳನ್ನು ಮೂಡಿಸುತ್ತದೆ. ಒಳಗೆ ನೀರು ಸೇರಿದ್ದರೆ ಹೊಳೆಯುವ ಲಂಬರೇಖೆಗಳು ಇಳಿಯುತ್ತವೆ. ಎರಡು ಪಕ್ಕೆಲುಬುಗಳ ನಡುವೆ ಇಂಥ ಮೂರು ರೇಖೆಗಳಿದ್ದರೆ ಅದು ಅಸಹಜ. ಆದರೆ ರೇಖೆಗಳು ಒಂದರೊಡನೊಂದು ಬೆರೆತಾಗ ಒಬ್ಬರಿಗೆ ಮೂರಾಗಿ ಕಂಡದ್ದು ಇನ್ನೊಬ್ಬರಿಗೆ ಎರಡಾಗಬಹುದು. ನೀರಿಳಿಸುವ ಔಷಧವನ್ನು ಕೊಡುವ ನಿರ್ಧಾರವು ಬಹುಮಟ್ಟಿಗೆ ಈ ಎಣಿಕೆಯನ್ನೇ ನೆಚ್ಚಿರಬಹುದು!

ಈ ತೊಡಕು ಹೊಸತಲ್ಲ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ನಡೆಸಿದ ಸಮೀಕ್ಷೆಯಲ್ಲಿ ಎದೆಯ ಕ್ಷ-ಕಿರಣ ಚಿತ್ರಗಳನ್ನು ಇಬ್ಬರು ಪ್ರತ್ಯೇಕವಾಗಿ ಪರಿಶೀಲಿಸುತ್ತಿದ್ದರು.

ಒಮ್ಮತವನ್ನು ಅಳೆಯುವುದೂ ಸುಲಭವಲ್ಲ. 100 ಚಿತ್ರಗಳಲ್ಲಿ 90ನ್ನು ಇಬ್ಬರೂ ಕಣ್ಣುಮುಚ್ಚಿ ದೋಷರಹಿತವೆಂದು ಆರಿಸಿದರೂ, ಸರಾಸರಿ 82ರಲ್ಲಿ ಅವರ ಮಾತು ತಾನಾಗಿ ಕೂಡಿಬರುತ್ತದೆ. ಈ ಆಕಸ್ಮಿಕ ಹೊಂದಿಕೆಯನ್ನು ಕಳೆದು ನೋಡುವ 'ಕಪ್ಪಾ' ಎಂಬ ಮಾನವನ್ನು 1960ರಲ್ಲಿ ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞನು ಸೂಚಿಸಿದನು.

ಈಗ ಗಣಕಯಂತ್ರವೂ ರೇಖೆಗಳನ್ನು ಎಣಿಸುತ್ತದೆ. ಅದಕ್ಕೆ ಆಯಾಸವಿಲ್ಲ. ಆದರೆ ವೈದ್ಯರು ಗುರುತು ಹಾಕಿಕೊಟ್ಟ ಚಿತ್ರಗಳಿಂದಲೇ ಅದು ಕಲಿತಿರುವುದರಿಂದ ಅವರ ಸಂದೇಹಗಳೂ ಅದಕ್ಕೆ ಬಳುವಳಿಯಾಗಿ ಬಂದಿರುತ್ತವೆ. ಆದುದರಿಂದ ಯಂತ್ರದ ತೀರ್ಮಾನವನ್ನೂ ವೈದ್ಯರ ತೀರ್ಮಾನದೊಡನೆ ಹೋಲಿಸಿ, ಅದೇ ಕಪ್ಪಾದಿಂದ ತೂಗಿ ನೋಡುವುದುಂಟು.