ಟಿವಿಯಲ್ಲಿ ಕಂಡ ರಾಮ, ದೊಡ್ಡ ತೆರೆಯ ರಾಮ

2025ರ ಜನವರಿ 24ರಂದು ಭಾರತದ ಚಿತ್ರಮಂದಿರಗಳಿಗೆ ಬಂದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಎಂಬ ಅನಿಮೇಷನ್ ಚಿತ್ರ ಹೊಸದೇನಲ್ಲ. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ತಯಾರಾಗಿ, 1993ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು, ಆಮೇಲೆ ಚಿತ್ರಮಂದಿರಗಳಲ್ಲಿ ಹೆಚ್ಚೇನೂ ಕಾಣಿಸಿಕೊಳ್ಳದೆ, ಕೊನೆಗೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯ ಮೂಲಕ ಮನೆಮನೆಯನ್ನು ಹೊಕ್ಕ ಚಿತ್ರವಿದು. ಹಬ್ಬದ ರಜೆಗಳಲ್ಲಿ ಜಾಹೀರಾತುಗಳ ನಡುವೆ ತುಂಡುತುಂಡಾಗಿ ಇದನ್ನು ನೋಡಿ ಬೆಳೆದವರು ಈಗ ತಂದೆತಾಯಿಯರಾಗಿದ್ದಾರೆ. ತಾವು ಮೆಚ್ಚಿದ್ದನ್ನು ಮಕ್ಕಳಿಗೂ ತೋರಿಸಬೇಕೆಂಬ ಹಂಬಲ ಅವರಲ್ಲಿ ಮೂಡಿರುವುದು ಸಹಜವೇ. ಆದರೆ ತಾವು ಕಂಡ ಚಿತ್ರವನ್ನೇ ಮಕ್ಕಳೂ ಕಾಣುತ್ತಾರೆ ಎಂಬ ಅವರ ನಿರೀಕ್ಷೆ ಅಷ್ಟು ಸುಲಭವಾಗಿ ಈಡೇರುವಂಥದ್ದಲ್ಲ. ಈ ಮೂವತ್ತು ವರ್ಷಗಳಲ್ಲಿ ಚಿತ್ರದ ಧ್ವನಿ ಬದಲಾಗಿದೆ, ಪರದೆ ಬದಲಾಗಿದೆ, ನೋಡುವ ಕಣ್ಣಿನ ರೂಢಿಯೂ ಬದಲಾಗಿದೆ.

ಚಿತ್ರದ ಹಿನ್ನೆಲೆ ಅದರ ಕಥೆಯಷ್ಟೇ ಕುತೂಹಲಕರವಾಗಿದೆ. ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅವರು ಅಲಹಾಬಾದಿನ ಹತ್ತಿರ ನಡೆಸಿದ ಉತ್ಖನನವನ್ನು ಕುರಿತ ಸಾಕ್ಷ್ಯಚಿತ್ರದ ಕೆಲಸದಲ್ಲಿ 1983ರ ಸುಮಾರಿಗೆ ತೊಡಗಿದ್ದ ಜಪಾನಿನ ಯೂಗೋ ಸಾಕೊ ಅವರಿಗೆ ರಾಮಾಯಣದ ಪರಿಚಯವಾಗಿದ್ದು ಆ ನಿಮಿತ್ತದಿಂದಲೇ. ಜಪಾನಿ ಭಾಷೆಯಲ್ಲಿ ಸಿಕ್ಕ ಹಲವು ರಾಮಾಯಣಗಳನ್ನು ಓದಿದ ಬಳಿಕ, ಇದನ್ನು ನಟರಿಂದ ಆಡಿಸುವುದಕ್ಕಿಂತ ಚಿತ್ರಗಳಲ್ಲಿ ಬರೆದು ತೋರಿಸುವುದೇ ಸರಿ ಎಂಬ ತೀರ್ಮಾನಕ್ಕೆ ಅವರು ಬಂದರು. ಆದರೆ ವಿದೇಶಿಯೊಬ್ಬರು ರಾಮಾಯಣವನ್ನು ಚಿತ್ರ ಮಾಡುತ್ತಿದ್ದಾರೆ ಎಂಬ ಸುದ್ದಿಗೆ ಭಾರತದಲ್ಲಿ ಆಕ್ಷೇಪಗಳು ಎದ್ದವು. ಪವಿತ್ರ ಕಥೆಯನ್ನು ಕಾರ್ಟೂನಿನ ಮಟ್ಟಕ್ಕೆ ಇಳಿಸಬಾರದೆಂಬುದು ಅವುಗಳ ತಿರುಳಾಗಿತ್ತು. ಅಯೋಧ್ಯೆಯ ವಿವಾದ ಕಾವೇರಿದ್ದ ಕಾಲವಾದ್ದರಿಂದ ಸರ್ಕಾರದ ಸಹಭಾಗಿತ್ವವೂ ದೊರೆಯಲಿಲ್ಲ. ಕಾರ್ಟೂನ್ ಎಂದರೆ ನಗಿಸುವ ಬೆಕ್ಕು ಇಲಿಗಳ ಆಟವೆಂದೇ ತಿಳಿದಿದ್ದ ದೇಶಕ್ಕೆ, ಗಂಭೀರ ಕಥೆಗೂ ಅನಿಮೇಷನ್ನನ್ನೇ ಬಳಸುವ ದೇಶದ ಮಾತು ಅರ್ಥವಾಗದೆ ಹೋದದ್ದು ಆಶ್ಚರ್ಯವಲ್ಲ.

ಕೊನೆಗೆ 1990ರಲ್ಲಿ ಜಪಾನಿನಲ್ಲೇ ಕೆಲಸ ಆರಂಭವಾಯಿತು. ಸಾಕೊ ಮತ್ತು ಕೊಯಿಚಿ ಸಸಾಕಿ ಅವರ ಜೊತೆ ನಿರ್ದೇಶನದ ಹೊಣೆ ಹೊತ್ತ ರಾಮ್ ಮೋಹನ್, 1956ರಲ್ಲಿ ಫಿಲಂಸ್ ಡಿವಿಷನ್ನಿನ ಕಾರ್ಟೂನ್ ವಿಭಾಗವನ್ನು ಸೇರಿ, ಅಲ್ಲಿಗೆ ಬಂದಿದ್ದ ಡಿಸ್ನಿ ಸಂಸ್ಥೆಯ ಕ್ಲೇರ್ ವೀಕ್ಸ್ ಅವರ ಕೈಕೆಳಗೆ ಪಳಗಿದವರು. ಭಾರತೀಯ ಅನಿಮೇಷನ್ನಿನ ಹಿರಿಯರೆಂದು ಅವರನ್ನು ಗುರುತಿಸಲಾಗುತ್ತದೆ. ಪಂಚೆಯನ್ನು ಹೇಗೆ ಉಡುತ್ತಾರೆ, ಕಿರಿಯರು ಹಿರಿಯರ ಆಶೀರ್ವಾದವನ್ನು ಯಾವ ಭಂಗಿಯಲ್ಲಿ ಪಡೆಯುತ್ತಾರೆ ಎಂಬಂಥ ಸಣ್ಣ ಸಂಗತಿಗಳನ್ನು ಜಪಾನಿ ಕಲಾವಿದರಿಗೆ ತಿಳಿಸಿಕೊಟ್ಟದ್ದು ಭಾರತೀಯ ಕಲಾವಿದರು. ಚಿತ್ರವನ್ನು ಇಂದು ನೋಡುವಾಗಲೂ ಗಮನಕ್ಕೆ ಬರುವುದು ಈ ಬೆರಕೆಯೇ: ಕಣ್ಣುಗಳ ಹೊಳಪು, ಮೋಡಗಳು, ಕಾಡಿನ ಹಸಿರು ಜಪಾನಿನವು, ಬಾಗುವ, ಕೈಮುಗಿಯುವ, ಕೂರುವ ರೀತಿ ಇಲ್ಲಿಯದು.

ಈ ಚಿತ್ರವನ್ನು ರೂಪಿಸಿದ ವಿಧಾನಕ್ಕೆ ಸೆಲ್ ಅನಿಮೇಷನ್ ಎಂದು ಹೆಸರು. ಸೆಲ್ ಎಂದರೆ ಪಾರದರ್ಶಕವಾದ ತೆಳು ಹಾಳೆ. ಅದರ ಮುಂಬದಿಯಲ್ಲಿ ಪಾತ್ರದ ಗೆರೆಗಳನ್ನು ಮೂಡಿಸಿ, ಗೆರೆ ಕೆಡದಂತೆ ಹಿಂಬದಿಯಲ್ಲಿ ಬಣ್ಣ ತುಂಬಿ, ಬೇರೆಯಾಗಿ ಬರೆದಿಟ್ಟ ಹಿನ್ನೆಲೆಯ ಚಿತ್ರದ ಮೇಲೆ ಇಟ್ಟು ಕ್ಯಾಮೆರಾದಲ್ಲಿ ಒಂದೊಂದಾಗಿ ಸೆರೆಹಿಡಿಯಲಾಗುತ್ತದೆ. ಪಾತ್ರ ಅಲುಗಿದಾಗ ಸೆಲ್ ಬದಲಾಗುತ್ತದೆ, ಹಿನ್ನೆಲೆ ಹಾಗೆಯೇ ಉಳಿಯುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ 135 ನಿಮಿಷಗಳ ಈ ಚಿತ್ರಕ್ಕೆ 1,94,000ಕ್ಕೂ ಹೆಚ್ಚು ಚೌಕಟ್ಟುಗಳು ಬೇಕು. ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳಿಗೆ ಬಳಸುವ ರೂಢಿ ಜಪಾನಿನಲ್ಲಿದ್ದರೂ, ಇದಕ್ಕಾಗಿ ಸುಮಾರು 450 ಕಲಾವಿದರು ದುಡಿದರೆಂದೂ ಕೈಯಿಂದ ಬರೆದ ಸೆಲ್‌ಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿನದೆಂದೂ ಹೇಳಲಾಗುತ್ತದೆ. ಇಂದಿನ ಕಂಪ್ಯೂಟರ್ ಅನಿಮೇಷನ್ನಿನಲ್ಲಿ ಪಾತ್ರದ ಮಾದರಿಯನ್ನು ಒಮ್ಮೆ ರೂಪಿಸಿಕೊಂಡರೆ ಅದನ್ನು ಬೇಕಾದ ಕೋನಕ್ಕೆ ತಿರುಗಿಸಬಹುದು. ಸೆಲ್ ವಿಧಾನದಲ್ಲಿ ಪಾತ್ರ ತಲೆ ತಿರುಗಿಸಿದರೂ ಪ್ರತಿ ಹಂತವನ್ನು ಮತ್ತೆ ಬರೆಯಲೇಬೇಕು. ಆದ್ದರಿಂದ ನಿಶ್ಚಲ ಹಿನ್ನೆಲೆಯ ಮೇಲೆ ಕ್ಯಾಮೆರಾ ನಿಧಾನವಾಗಿ ಸಾಗುವ, ಪಾತ್ರಗಳು ಮೌನವಾಗಿ ನಿಲ್ಲುವ ಕ್ಷಣಗಳು ಇಂಥ ಚಿತ್ರಗಳಲ್ಲಿ ಹೆಚ್ಚು. ಅವು ಮೊದಲಿಗೆ ಶ್ರಮ ಉಳಿಸುವ ಉಪಾಯಗಳಾಗಿದ್ದಿರಬಹುದು. ಈ ಚಿತ್ರದ ಮಟ್ಟಿಗಂತೂ ಅವೇ ಅದರ ಸೊಗಸು.

ಮೊಬೈಲಿನ ಅರ್ಧ ನಿಮಿಷದ ವಿಡಿಯೊಗಳಿಗೆ ಒಗ್ಗಿಕೊಂಡ ಮಗುವಿಗೆ ಮೊದಮೊದಲು ಒಗ್ಗದಿರುವುದೂ ಈ ನಿಧಾನವೇ. ಮನೆಯಲ್ಲಿ ನೋಡುವಾಗ ಅದು ಚಡಪಡಿಸಿದೊಡನೆ ಹಿರಿಯರು ಮುಂದೇನಾಗುತ್ತದೆಂದು ಹೇಳಲು ಶುರುಮಾಡುತ್ತಾರೆ, ಹನುಮಂತ ಲಂಕೆಗೆ ಹಾರುವ ಭಾಗಕ್ಕೆ ಚಿತ್ರವನ್ನು ಓಡಿಸುತ್ತಾರೆ, ಚೆನ್ನಾಗಿದೆಯಲ್ಲವೇ ಎಂದು ಪದೇಪದೇ ಕೇಳುತ್ತಾರೆ. ಮಗುವಿಗೆ ಆಗ ಚಿತ್ರದ ಬದಲು ತಂದೆತಾಯಿಯರ ನೆನಪನ್ನು ಮೆಚ್ಚಬೇಕಾದ ಹೊರೆ ಬೀಳುತ್ತದೆ. ಎರಡು ದಿನಕ್ಕೆ ಹಂಚಿ, ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡುವುದೇ ಮೇಲು. ಯುದ್ಧದ ಭಾಗ ದೀರ್ಘವಾಗಿದ್ದು, ರಾಕ್ಷಸರ ರೂಪ ತೀರ ಚಿಕ್ಕವರನ್ನು ಹೆದರಿಸಬಹುದು ಎಂಬುದನ್ನೂ ನೆನಪಿನಲ್ಲಿಡಬೇಕು.

ಮರುಬಿಡುಗಡೆಯ ಪ್ರತಿ 4ಕೆ ಗುಣಮಟ್ಟದ್ದು. ಅಂದರೆ ಚೌಕಟ್ಟಿನಲ್ಲಿ ಅಡ್ಡಲಾಗಿ ಸುಮಾರು ನಾಲ್ಕು ಸಾವಿರ ಬಿಂದುಗಳಿರುತ್ತವೆ. ಆ ಕಾಲದ ಟಿವಿಯಲ್ಲಿ ಕಾಣುತ್ತಿದ್ದದ್ದು 576 ಗೆರೆಗಳಷ್ಟೇ. ಹೀಗಾಗಿ, ಆಗ ಮಸುಕಾಗಿ ಕಂಡ ಹಿನ್ನೆಲೆಯಲ್ಲಿ ಈಗ ಎಲೆಗಳೂ ಕುಂಚದ ಎಳೆಗಳೂ ಕಾಣಿಸುತ್ತವೆ. ಮಕ್ಕಳು ಹಿರಿಯರಿಗಿಂತ ಹೆಚ್ಚನ್ನೇ ಕಾಣುತ್ತಾರೆ ಎನ್ನಬೇಕು.

ಧ್ವನಿಯ ವಿಷಯ ಇಷ್ಟು ಸರಳವಲ್ಲ. ಮೂಲದಲ್ಲಿ ಇಂಗ್ಲಿಷಿನಲ್ಲಿದ್ದ ಚಿತ್ರದ ಹಳೆಯ ಹಿಂದಿ ಆವೃತ್ತಿಯಲ್ಲಿ ರಾಮನಿಗೆ ದೂರದರ್ಶನದ ‘ರಾಮಾಯಣ’ದ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ, ನಿರೂಪಣೆಗೆ ಶತ್ರುಘ್ನ ಸಿನ್ಹಾ ದನಿಯಾಗಿದ್ದರು, ವನರಾಜ್ ಭಾಟಿಯಾ ಸಂಗೀತ ನೀಡಿದ್ದರು. 2025ರ ಹಿಂದಿ ಆವೃತ್ತಿಗೆ ಬೇರೆ ಕಲಾವಿದರ ಧ್ವನಿ ಕೊಡಿಸಲಾಯಿತು. ಅಮರೀಶ್ ಪುರಿಯ ಗುಡುಗನ್ನೇ ರಾವಣನೆಂದು ತಿಳಿದವರಿಗೆ ಇದು ರುಚಿಸದಿದ್ದರೆ ತಪ್ಪೇನಿಲ್ಲ, ಆದರೆ ಮಕ್ಕಳಿಗೆ ಅದು ಕೊರತೆಯೆನಿಸುವುದಿಲ್ಲ. ಮರುಬಿಡುಗಡೆಯಾದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಕೊಡುವುದಕ್ಕೆ, ಅಂದರೆ ಡಬ್ಬಿಂಗಿಗೆ, ಕನ್ನಡ ಚಿತ್ರರಂಗದಲ್ಲಿ ದಶಕಗಳ ಕಾಲ ಇದ್ದ ಅಲಿಖಿತ ತಡೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದ ನಂತರವೇ ಸಡಿಲವಾಯಿತು. 2025ರ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿದ್ದನ್ನು ನೋಡಿದರೆ, ಈಗಲೂ ಇದಕ್ಕೊಂದು ಕನ್ನಡದ ಧ್ವನಿ ಸಿಗಬೇಕೆಂದು ಕೇಳುವುದು ಅತಿಯಾಸೆಯಲ್ಲ. ಅಲ್ಲಿಯವರೆಗೆ ಕನ್ನಡದ ಮನೆಗಳಲ್ಲಿ ಅಜ್ಜಿಯೋ ಅಪ್ಪನೋ ಪಕ್ಕದಲ್ಲಿ ಕುಳಿತು ಅರ್ಥ ಹೇಳುವ ಪದ್ಧತಿಯೇ ಮುಂದುವರಿಯಬೇಕಾಗುತ್ತದೆ. ಸುಮ್ಮನೆ ನೋಡಬೇಕೆಂದು ಮೇಲೆ ಹೇಳಿದ ಮಾತಿಗೆ ಇದೊಂದು ಅನಿವಾರ್ಯ ವಿನಾಯಿತಿ.

ಚಿತ್ರದ ಕಥೆ ವಿಶ್ವಾಮಿತ್ರರೊಡನೆ ಹೊರಡುವ ಬಾಲಕ ರಾಮನಿಂದ ಮೊದಲಾಗಿ, ರಾವಣವಧೆಯ ಬಳಿಕ ಅಯೋಧ್ಯೆಗೆ ಮರಳುವಲ್ಲಿಗೆ ನಿಲ್ಲುತ್ತದೆ. ಸೀತಾಪರಿತ್ಯಾಗವನ್ನೂ ಲವಕುಶರ ಜನನವನ್ನೂ ಹೇಳುವ ಉತ್ತರಕಾಂಡ ಇದರಲ್ಲಿಲ್ಲ. ಆದರೆ ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಯಕ್ಷಗಾನದವರೆಗೆ ಕನ್ನಡ ಪರಂಪರೆಯಲ್ಲಿ ಲವಕುಶರು ಚೆನ್ನಾಗಿ ಪರಿಚಿತರು. ಅವರ ಕಥೆಯನ್ನು ಮೊದಲೇ ಕೇಳಿರುವ ಮಗು ಚಿತ್ರ ಮುಗಿದ ಕೂಡಲೇ ಅವರೆಲ್ಲಿ ಎಂದು ಕೇಳಿದರೆ, ಉಳಿದ ಭಾಗವನ್ನು ಮನೆಯವರೇ ಹೇಳಬೇಕು, ಅದರಲ್ಲೂ ಸೀತೆಯನ್ನು ಕಾಡಿಗೆ ಕಳಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡಿರಬೇಕು.